ಊರಿನ ಕಡೆ ಮುಖ ಮಾಡಿಸುವ ನಿರ್ದೇಶಕರು

ಸಿನಿಮಾ ನಿರ್ದೇಶಕರಾಗಬೇಕೆಂದು ಹೊರಟ ಕಿರಿಯರು ಕೆಲವರು ತಮ್ಮ ಚಿತ್ರಕಥೆಗಳನ್ನು ಓದಲು ನನಗೆ ಕೊಡುತ್ತಾರೆ. ಓದಿದ ಮೇಲೆ ಅವರೊಡನೆ ಮಾತಿಗೆ ಕುಳಿತಾಗ, ನಿಮಗೆ ಸ್ಫೂರ್ತಿಯಾದ ನಿರ್ದೇಶಕರು ಯಾರು ಎಂಬ ಮಾತು ಬಂದೇ ಬರುತ್ತದೆ. ಉತ್ತರಕ್ಕೆ ಯಾರೂ ತಡವರಿಸುವುದಿಲ್ಲ. ಕುರೊಸಾವಾ, ಕುಬ್ರಿಕ್, ಸ್ಕಾರ್ಸೆಸಿ, ನೋಲನ್, ಮಣಿರತ್ನಂ. ಇತ್ತೀಚೆಗೆ ಕಿಯರೋಸ್ತಮಿ ಮತ್ತು ವಾಂಗ್ ಕಾರ್ ವಾಯ್ ಅವರ ಹೆಸರುಗಳೂ ಕೇಳಿಬರುತ್ತಿವೆ. ಈ ಹೆಸರುಗಳ ಬಗ್ಗೆ ನನಗೆ ತಕರಾರಿಲ್ಲ, ಎಲ್ಲರೂ ಪ್ರೀತಿಗೆ ಯೋಗ್ಯರೇ. ಆದರೆ ಅಂಥ ಪಟ್ಟಿಯಿಂದ ಎದುರಿಗೆ ಕುಳಿತಿರುವ ಹುಡುಗನ ಅಥವಾ ಹುಡುಗಿಯ ಬಗೆಗೆ ನನಗೆ ಹೆಚ್ಚೇನೂ ತಿಳಿಯುವುದಿಲ್ಲವಾದ್ದರಿಂದ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಆ ನಿರ್ದೇಶಕರ ಚಿತ್ರ ನೋಡಿದ ಮೇಲೆ ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ, ನೀವು ದಿನವೂ ಹಾದುಹೋಗುವ ಬೀದಿಯಲ್ಲಿ ಅದುವರೆಗೆ ಕಾಣದಿದ್ದ ಏನು ಕಣ್ಣಿಗೆ ಬಿತ್ತು?

ಈ ಪ್ರಶ್ನೆಗೆ ಬಹಳ ಮಂದಿ ಸುಮ್ಮನಾಗುತ್ತಾರೆ. ಕೆಲವರು ಯೋಚಿಸಿ, ಕೆಲವು ದಿನ ಬಿಟ್ಟು ಉತ್ತರ ತರುತ್ತಾರೆ. ಹಾಗೆ ತಂದವರ ಮುಂದಿನ ಚಿತ್ರಕಥೆ ಬೇರೆಯದೇ ಆಗಿರುತ್ತದೆ. ದೊಡ್ಡ ನಿರ್ದೇಶಕನೊಬ್ಬ ಹೊಸಬರಿಗೆ ಮಾಡಬಲ್ಲ ಅತಿ ದೊಡ್ಡ ಉಪಕಾರವೆಂದರೆ ಅವರನ್ನು ಅವರದೇ ನೆಲದ ಕಡೆಗೆ ತಿರುಗಿಸಿ ನಿಲ್ಲಿಸುವುದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಈ ನಂಬಿಕೆಯನ್ನು ನನಗೆ ಕೊಟ್ಟದ್ದು ಸಿದ್ಧಾಂತದ ಪುಸ್ತಕಗಳಲ್ಲ. ಕನ್ನಡದ ಹೊಸ ಅಲೆಯ ಚಿತ್ರಗಳು ಹೇಗೆ ಹುಟ್ಟಿದವು ಎಂಬುದನ್ನು ಒಂದರ ಹಿಂದೆ ಒಂದರಂತೆ ಹುಡುಕುತ್ತ ಹೋದಾಗ ಅದು ತಾನಾಗಿ ಕಾಣಿಸಿಕೊಂಡಿತು.

1960ರ ದಶಕದ ನಡುವೆ ಯು.ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಅಧ್ಯಯನಕ್ಕಾಗಿ ಇದ್ದರು. ಅಲ್ಲಿ ಅವರು ಇಂಗ್ಮಾರ್ ಬರ್ಗ್‌ಮನ್ ನಿರ್ದೇಶಿಸಿದ ‘ದಿ ಸೆವೆಂತ್ ಸೀಲ್’ ನೋಡಿದರು. 1957ರ ಆ ಚಿತ್ರದ ಭಾಷೆ ಸ್ವೀಡಿಶ್. ಅನಂತಮೂರ್ತಿಯವರು ನೋಡಿದ ಪ್ರತಿಯಲ್ಲಿ ಸಬ್‌ಟೈಟಲ್ ಕೂಡ ಇರಲಿಲ್ಲ. ಪ್ಲೇಗಿನಿಂದ ತತ್ತರಿಸಿದ ಮಧ್ಯಯುಗದ ಯೂರೋಪು, ಯುದ್ಧ ಮುಗಿಸಿ ಮರಳುತ್ತಿರುವ ಒಬ್ಬ ಯೋಧ, ಅವನೆದುರು ಚದುರಂಗಕ್ಕೆ ಕುಳಿತ ಸಾವು. ಮಾತು ಅರ್ಥವಾಗದ ಆ ಚಿತ್ರ ಅವರನ್ನು ಬಲವಾಗಿ ಅಲುಗಿಸಿತು. ಅದನ್ನು ಕುರಿತು ತಮ್ಮ ಮಾರ್ಗದರ್ಶಕರಾಗಿದ್ದ ಕಾದಂಬರಿಕಾರ ಮಾಲ್ಕಮ್ ಬ್ರಾಡ್ಬರಿಯವರೊಡನೆ ಮಾತಾಡುವಾಗ, ಯೂರೋಪಿನವರು ಮಧ್ಯಯುಗವನ್ನು ಓದಿ ತಿಳಿದು ಕಟ್ಟಿಕೊಳ್ಳಬೇಕು, ತನ್ನಂಥವನಿಗಾದರೋ ಅದು ಈಗಲೂ ಜೊತೆಯಲ್ಲಿ ಬದುಕಿರುವ ಅನುಭವ ಎಂಬ ವಿಚಾರ ಹೊಳೆಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಹೊಳಹಿನಿಂದ ಹುಟ್ಟಿದ್ದು ‘ಸಂಸ್ಕಾರ’ ಕಾದಂಬರಿ. ಅದು 1965ರಲ್ಲಿ ಪ್ರಕಟವಾಯಿತು.

ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಬರ್ಗ್‌ಮನ್ ಚಿತ್ರದಿಂದ ಅನಂತಮೂರ್ತಿಯವರು ಯೋಧನನ್ನು ತರಲಿಲ್ಲ, ಚದುರಂಗವನ್ನೂ ತರಲಿಲ್ಲ. ಅವರಿಗೆ ಕಂಡದ್ದು ಮಲೆನಾಡಿನ ದೂರ್ವಾಸಪುರ ಎಂಬ ಅಗ್ರಹಾರ, ಅಲ್ಲಿ ಪ್ಲೇಗಿಗೆ ಬಲಿಯಾದ ನಾರಣಪ್ಪ, ಅವನ ಹೆಣವನ್ನು ಸುಡುವವರು ಯಾರು ಎಂದು ತೀರ್ಮಾನಿಸಲಾಗದೆ ಊಟ ಬಿಟ್ಟು ಕುಳಿತ ಬ್ರಾಹ್ಮಣರು, ಉತ್ತರಕ್ಕಾಗಿ ಗ್ರಂಥಗಳನ್ನು ತಡಕುವ ಪ್ರಾಣೇಶಾಚಾರ್ಯರು. ಎರಡೂ ಕಡೆ ಪ್ಲೇಗು ಇದೆ, ಎರಡೂ ಕಡೆ ದೇವರ ಮೌನವಿದೆ. ಆದರೆ ಬರ್ಗ್‌ಮನ್ ಹೆಸರು ಕೇಳದ ಕನ್ನಡ ಓದುಗನಿಗೂ ‘ಸಂಸ್ಕಾರ’ ತನ್ನ ಹಿತ್ತಲಿನ ಕಥೆಯಂತೆಯೇ ಕಾಣುತ್ತದೆ. ಒಬ್ಬ ನಿರ್ದೇಶಕನ ಪ್ರಭಾವ ಒಬ್ಬ ಕಲಾವಿದನೊಳಗೆ ಇಷ್ಟು ಆಳಕ್ಕೆ ಇಳಿದು, ಇಷ್ಟು ಪೂರ್ತಿಯಾಗಿ ಬೇರೆ ರೂಪ ತಳೆದ ಉದಾಹರಣೆ ನನಗೆ ಬೇರೆ ಹೊಳೆಯುವುದಿಲ್ಲ.

ಆ ಕಾದಂಬರಿ ಮತ್ತೆ ಸಿನಿಮಾಕ್ಕೇ ಮರಳಿತು. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ‘ಸಂಸ್ಕಾರ’ವನ್ನು ಚಿತ್ರವಾಗಿಸಿದರು. ಚಿತ್ರಕಥೆ ಗಿರೀಶ್ ಕಾರ್ನಾಡರದು, ಪ್ರಾಣೇಶಾಚಾರ್ಯರ ಪಾತ್ರದಲ್ಲಿ ನಟಿಸಿದವರೂ ಅವರೇ. ನಾರಣಪ್ಪನಾಗಿ ಪಿ. ಲಂಕೇಶ್, ಅವನ ಜೊತೆ ಬಾಳಿದ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಶೃಂಗೇರಿಯ ಹತ್ತಿರದ ವೈಕುಂಠಪುರದಲ್ಲಿ, ಸೆಟ್ ಹಾಕದೆ, ಇದ್ದ ಅಗ್ರಹಾರದಲ್ಲೇ ಚಿತ್ರೀಕರಣ ನಡೆಯಿತು. ಸೆನ್ಸಾರ್ ಮಂಡಳಿ ಮೊದಲು ಚಿತ್ರಕ್ಕೆ ಅನುಮತಿ ನಿರಾಕರಿಸಿತು. ಆಮೇಲೆ ಬಿಡುಗಡೆಯಾಗಿ ಅದು ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು.

ಪ್ರಶಸ್ತಿಗಿಂತ ನನಗೆ ಮುಖ್ಯವಾಗಿ ಕಾಣುವುದು ಆ ಚಿತ್ರದಲ್ಲಿ ತೊಡಗಿದ್ದವರು ಆಮೇಲೆ ಏನಾದರು ಎಂಬುದು. ಮರುವರ್ಷವೇ ಕಾರ್ನಾಡರು ಬಿ.ವಿ. ಕಾರಂತರ ಜೊತೆ ಸೇರಿ ‘ವಂಶವೃಕ್ಷ’ ನಿರ್ದೇಶಿಸಿದರು. 1973ರಲ್ಲಿ ಒಬ್ಬರೇ ‘ಕಾಡು’ ಮಾಡಿದರು. ಕಾರಂತರು 1975ರಲ್ಲಿ ‘ಚೋಮನ ದುಡಿ’ ಕೊಟ್ಟರು. ಲಂಕೇಶರು 1976ರಲ್ಲಿ ತಮ್ಮದೇ ‘ಬಿರುಕು’ ಕಾದಂಬರಿಯನ್ನು ‘ಪಲ್ಲವಿ’ಯಾಗಿಸಿ, ಮೊದಲ ಚಿತ್ರಕ್ಕೇ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು. ಇವರಲ್ಲಿ ಯಾರೂ ‘ಸಂಸ್ಕಾರ’ದಂಥ ಇನ್ನೊಂದು ಚಿತ್ರ ಮಾಡಲು ಹೋಗಲಿಲ್ಲ. ಇದೂ ಸಿನಿಮಾ ಆಗಬಹುದು, ನಾವೂ ಮಾಡಬಹುದು ಎಂಬ ಧೈರ್ಯವನ್ನಷ್ಟೇ ಅದರಿಂದ ಪಡೆದು, ಉಳಿದದ್ದನ್ನು ತಮ್ಮ ತಮ್ಮ ಅನುಭವದಿಂದ ತುಂಬಿಕೊಂಡರು.

ಕಲಕತ್ತೆಯಲ್ಲಿ ಇಂಥದೇ ಒಂದು ಕಥೆ ಇದಕ್ಕೂ ಇಪ್ಪತ್ತು ವರ್ಷ ಮೊದಲೇ ನಡೆದಿತ್ತು. ಸತ್ಯಜಿತ್ ರಾಯ್ ಅವರು ಆಗ ಡಿ.ಜೆ. ಕೀಮರ್ ಎಂಬ ಜಾಹೀರಾತು ಕಂಪನಿಯಲ್ಲಿ ಕಲಾವಿದರು. 1947ರಲ್ಲಿ ಗೆಳೆಯರೊಡನೆ ಕಲಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ್ದರು. ಫ್ರಾನ್ಸಿನ ನಿರ್ದೇಶಕ ಜ್ಯಾಂ ರೆನ್ವಾರ್ ‘ದಿ ರಿವರ್’ ಚಿತ್ರದ ಸಲುವಾಗಿ ಬಂಗಾಳಕ್ಕೆ ಬಂದಾಗ, ಸ್ಥಳಗಳನ್ನು ಹುಡುಕಲು ಅವರಿಗೆ ನೆರವಾದವರು ರಾಯ್. ಹಾಲಿವುಡ್ಡನ್ನು ತಲೆಯಿಂದ ಕೊಡವಿಕೊಂಡರೆ ನೀವು ಇಲ್ಲಿ ದೊಡ್ಡ ಚಿತ್ರಗಳನ್ನು ಮಾಡಬಲ್ಲಿರಿ ಎಂಬ ಅರ್ಥದ ಮಾತನ್ನು ರೆನ್ವಾರ್ ಹೇಳಿದ್ದನ್ನು ರಾಯ್ ಬರೆದಿಟ್ಟಿದ್ದಾರೆ. 1950ರಲ್ಲಿ ಕಂಪನಿಯ ಕೆಲಸಕ್ಕೆ ಲಂಡನ್ನಿಗೆ ಹೋದಾಗ ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ನೋಡಿದರು. ವೃತ್ತಿನಟರಲ್ಲದವರು, ನಿಜವಾದ ಬೀದಿಗಳು, ಒಂದು ಸೈಕಲ್ ಕಳೆದುಹೋದಷ್ಟೇ ಕಥೆ. ರೋಮ್ ನಗರದ ಆ ಕಥೆಯನ್ನು ನೋಡಿ ಅವರು ಹಿಂತಿರುಗಿದ್ದು ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಗೆ, ಕಲಕತ್ತೆಯ ಪಕ್ಕದ ಬೋರಾಲ್ ಹಳ್ಳಿಗೆ.

ಆ ಕಾದಂಬರಿಯಿಂದ ಅವರು ಮಾಡಿದ ಚಿತ್ರದ ಚಿತ್ರೀಕರಣದ ಸಂಗತಿಗಳನ್ನು ಸಿನಿಮಾ ಮಾಡಹೊರಟ ಪ್ರತಿಯೊಬ್ಬರೂ ತಿಳಿದಿರಬೇಕು. 1952ರ ಅಕ್ಟೋಬರಿನಲ್ಲಿ ಕಾಶಹುಲ್ಲಿನ ಬಿಳಿ ಹೂಗಳ ಬಯಲಿನಲ್ಲಿ ಕೆಲಸ ಶುರುವಾಯಿತು. ನೌಕರಿ ಬಿಡದೆ ರಜಾದಿನಗಳಲ್ಲಿ ಮಾತ್ರ ಚಿತ್ರೀಕರಣ. ಮುಂದಿನ ವಾರ ಅಲ್ಲಿಗೆ ಮರಳಿದಾಗ ದನಗಳು ಹೂವನ್ನೆಲ್ಲ ಮೇಯ್ದಿದ್ದವು; ಉಳಿದ ಭಾಗಕ್ಕೆ ಮರುವರ್ಷದ ಹೂವಿಗಾಗಿ ಕಾಯಬೇಕಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರ ಇಪ್ಪತ್ತೊಂದರ ಹುಡುಗ, ಅದಕ್ಕೆ ಮೊದಲು ಚಲನಚಿತ್ರ ಕ್ಯಾಮೆರಾ ನಡೆಸಿದವರೇ ಅಲ್ಲ. ಹಣಕ್ಕಾಗಿ ರಾಯ್ ವಿಮೆಯ ಮೇಲೆ ಸಾಲ ಎತ್ತಿದರು, ಸಂಗ್ರಹದ ರೆಕಾರ್ಡುಗಳನ್ನು ಮಾರಿದರು, ಮಡದಿ ಬಿಜೊಯಾ ಅವರ ಒಡವೆಗಳನ್ನು ಒತ್ತೆಯಿಟ್ಟರು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಕೈಹಿಡಿದ ಮೇಲೆ ಚಿತ್ರ ಮುಗಿದು 1955ರಲ್ಲಿ ತೆರೆಕಂಡಿತು. ಕಷ್ಟಪಟ್ಟರೆ ಫಲವುಂಟು ಎಂದು ಹೇಳಲಿಕ್ಕಾಗಿ ನಾನು ಈ ಕಥೆಯನ್ನು ಎತ್ತುತ್ತಿಲ್ಲ. ನನ್ನನ್ನು ತಡೆದು ನಿಲ್ಲಿಸುವುದು ಬೇರೊಂದು ವಿಷಯ: ರಾಯ್ ನಗರದಲ್ಲಿ ಹುಟ್ಟಿ ಬೆಳೆದವರು. ಹಳ್ಳಿಯ ಬದುಕು ಅವರಿಗೆ ತಿಳಿದಿರಲಿಲ್ಲ. ಕಾದಂಬರಿಯನ್ನು ಓದುತ್ತ, ಬೋರಾಲಿನ ಅಂಗಳಗಳಲ್ಲಿ ಕಾಯುತ್ತ, ಚಿತ್ರೀಕರಿಸುತ್ತಲೇ ಅವರು ಅದನ್ನು ಕಲಿತರು. ಹರಿದ ಹೊದಿಕೆಯ ತೂತಿನೊಳಗಿಂದ ಕಥೆಯ ಪುಟ್ಟ ಹುಡುಗ ಅಪುವಿನ ಕಣ್ಣು ಮೊದಲ ಬಾರಿಗೆ ತೆರೆದುಕೊಳ್ಳುವ ಆ ದೃಶ್ಯದಲ್ಲಿ, ಹೊಸದಾಗಿ ನೋಡಲು ಕಲಿಯುತ್ತಿರುವವರು ಅಪು ಒಬ್ಬನೇ ಅಲ್ಲ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಈ ಚಿತ್ರ ಕನ್ನಡಕ್ಕೆ ಬಂದ ದಾರಿ ಕೂಡ ಸ್ವಾರಸ್ಯಕರವಾದದ್ದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊ. ಸತೀಶ್ ಬಹಾದೂರ್ ಅವರು ‘ಪಥೇರ್ ಪಾಂಚಾಲಿ’ಯನ್ನು ಶಾಟ್ ಶಾಟ್ ಆಗಿ ಬಿಡಿಸಿ ವಿದ್ಯಾರ್ಥಿಗಳ ಹಲವು ತಲೆಮಾರುಗಳಿಗೆ ಕಲಿಸಿದರು. ಪಕ್ಕದಲ್ಲೇ ಪಿ.ಕೆ. ನಾಯರ್ ಕಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿತ್ತು, ಜಗತ್ತಿನ ಚಿತ್ರಗಳ ಪ್ರಿಂಟುಗಳಿದ್ದವು. ಇವರಿಬ್ಬರನ್ನೂ ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಕರೆಸಿಕೊಂಡವರು ಅಲ್ಲಿ ನೀನಾಸಂ ಎಂಬ ರಂಗಸಂಸ್ಥೆಯನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು. ನೀನಾಸಂ ಚಿತ್ರಸಮಾಜ 1973ರಲ್ಲಿ ಆರಂಭವಾಯಿತು. ಅಡಕೆ ತೋಟದ ರೈತರು, ಶಾಲಾ ಮಾಸ್ತರರು, ಗೃಹಿಣಿಯರು ಅಲ್ಲಿ ಕುಳಿತು ಜಗತ್ತಿನ ದೊಡ್ಡ ಚಿತ್ರಗಳನ್ನು ನೋಡಿ ಚರ್ಚಿಸಿದರು. ದೊಡ್ಡ ಸಿನಿಮಾ ದೊಡ್ಡ ನಗರದವರಿಗೆ ಮಾತ್ರ ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಆ ಮಾತು ಸುಳ್ಳೆಂದು ಹೆಗ್ಗೋಡು ಐವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದೆ.

ಸುಬ್ಬಣ್ಣನವರ ಸೋದರಳಿಯ ಗಿರೀಶ್ ಕಾಸರವಳ್ಳಿ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು, 1950ರಲ್ಲಿ ಹುಟ್ಟಿದವರು. ಮಣಿಪಾಲದಲ್ಲಿ ಫಾರ್ಮಸಿ ಓದಿ, ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿ, ಅದನ್ನು ಬಿಟ್ಟು ಪುಣೆಗೆ ಹೋದರು. ಅಲ್ಲಿ ಓಜು, ಕುರೊಸಾವಾ, ರಾಯ್, ಫೆಲಿನಿ ಅವರ ಚಿತ್ರಗಳನ್ನು ನೋಡಿದರು. ಅದರಲ್ಲೂ ಓಜು ಅವರನ್ನು ಬಹಳ ಹಚ್ಚಿಕೊಂಡರು. ‘ಚೋಮನ ದುಡಿ’ಯಲ್ಲಿ ಕಾರಂತರಿಗೆ ಸಹಾಯಕರಾದರು. 1977ರಲ್ಲಿ, ಇಪ್ಪತ್ತೇಳರ ಆಸುಪಾಸಿನಲ್ಲಿ, ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ‘ಘಟಶ್ರಾದ್ಧ’ ಮಾಡಿದರು. ನಿರ್ಮಾಪಕರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಹೆಸರಾದ ಸದಾನಂದ ಸುವರ್ಣ, ಛಾಯಾಗ್ರಾಹಕರು ಎಸ್. ರಾಮಚಂದ್ರ, ಸಂಗೀತ ಕಾರಂತರದು. ಹೊಸಬರಾಗಿದ್ದ ನಿರ್ದೇಶಕರ ಮೊದಲ ಕಥಾಚಿತ್ರಕ್ಕೆ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಸಿಕ್ಕಿತು.

ನಿರ್ದೇಶಕರಾಗಬೇಕೆನ್ನುವವರಿಗೆ ಒಂದೇ ಒಂದು ಕನ್ನಡ ಚಿತ್ರ ಸೂಚಿಸಿ ಎಂದರೆ ನಾನು ‘ಘಟಶ್ರಾದ್ಧ’ವನ್ನೇ ಹೇಳುತ್ತೇನೆ. ಕಾರಣ ಅದರ ಕಥೆಯ ಗಾಂಭೀರ್ಯವಷ್ಟೇ ಅಲ್ಲ. ಉಡುಪರ ವೇದಪಾಠಶಾಲೆ, ಅವರ ವಿಧವೆ ಮಗಳು ಯಮುನಾ, ಊರ ಮೇಷ್ಟರಿಂದ ಅವಳು ಬಸಿರಾಗುವುದು, ಗರ್ಭಪಾತ, ಬಹಿಷ್ಕಾರ, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುವುದು: ಇದನ್ನು ಕಣ್ಣೀರಿನ ನಾಟಕವಾಗಿ ಹೇಳಲು ನೂರು ದಾರಿಗಳಿದ್ದವು. ಕಾಸರವಳ್ಳಿಯವರು ಕಥೆಯಲ್ಲಿರುವಂತೆ ನಾಣಿ ಎಂಬ ಪುಟ್ಟ ವಿದ್ಯಾರ್ಥಿಯ ಕಣ್ಣನ್ನು ಆರಿಸಿಕೊಂಡರು, ಮತ್ತು ಆ ಆಯ್ಕೆಗೆ ಚಿತ್ರದುದ್ದಕ್ಕೂ ನಿಷ್ಠರಾಗಿದ್ದರು. ನಾಣಿಗೆ ಬಸಿರು ಎಂದರೇನೆಂದು ತಿಳಿಯದು. ದೊಡ್ಡ ಹುಡುಗರ ಕಾಟದಿಂದ ತನ್ನನ್ನು ಕಾಪಾಡುವ, ಮನೆಯ ನೆನಪಾದಾಗ ಸಮಾಧಾನ ಹೇಳುವ ಯಮುನಕ್ಕನಿಗೆ ಏನೋ ಆಗಿದೆ, ಎಲ್ಲರೂ ಅವಳನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಾರೆ ಎಂಬಷ್ಟು ಮಾತ್ರ ಅವನಿಗೆ ಗೊತ್ತು. ಪ್ರೇಕ್ಷಕರಾದ ನಮಗೆ ಎಲ್ಲವೂ ಗೊತ್ತು. ಅವನಿಗೆ ತಿಳಿದಿರುವುದಕ್ಕೂ ನಮಗೆ ತಿಳಿದಿರುವುದಕ್ಕೂ ನಡುವಿನ ಆ ಅಂತರದಲ್ಲೇ ಇಡೀ ಚಿತ್ರದ ಸಂಕಟ ತುಂಬಿಕೊಂಡಿದೆ. ಸಾಯಲೆಂದು ಹಾವಿನ ಹುತ್ತಕ್ಕೆ ಯಮುನಾ ಕೈಯಿಡುವಾಗ ನಮ್ಮ ಎದೆ ಹೊಡೆದುಕೊಳ್ಳುವುದು ಅವಳಿಗಾಗಿ ಎಷ್ಟೋ, ಪಕ್ಕದಲ್ಲಿರುವ ಆ ಮಗುವಿಗಾಗಿಯೂ ಅಷ್ಟೇ. ಕೊನೆಯಲ್ಲಿ ತಂದೆಯ ಜೊತೆ ಊರಿಗೆ ಮರಳುವ ನಾಣಿಗೆ, ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತ ಯಮುನಾ ಕಾಣುತ್ತಾಳೆ. ಯಾರೂ ಏನನ್ನೂ ವಿವರಿಸುವುದಿಲ್ಲ.

ಇದು ಹಣದಿಂದ ಬರುವ ಗುಣವಲ್ಲ, ಉಪಕರಣದಿಂದಲೂ ಬರುವುದಲ್ಲ. ಯಾರ ಕಣ್ಣಿನಿಂದ ನೋಡಬೇಕು, ಆ ಕಣ್ಣಿಗೆ ಎಷ್ಟು ಕಾಣಬೇಕು ಎಂಬ ತೀರ್ಮಾನದಿಂದ ಬಂದದ್ದು. ಈಗ ಫೋನಿನಲ್ಲೇ ಚಿತ್ರ ತೆಗೆಯಬಹುದು, ಡ್ರೋನ್ ಬಾಡಿಗೆಗೆ ಸಿಗುತ್ತದೆ. ಅವೆಲ್ಲ ಇರಲಿ, ಒಳ್ಳೆಯದೇ. ಆದರೆ ನಾನು ಓದುವ ಚಿತ್ರಕಥೆಗಳಲ್ಲಿ ಬಹಳಷ್ಟು ಸಲ ಆಕಾಶದಿಂದ ಊರು ಕಾಣುತ್ತದೆ, ಊರೊಳಗಿನ ಯಾವೊಬ್ಬ ಮನುಷ್ಯನಿಗೂ ಏನು ಕಾಣುತ್ತಿದೆ ಎಂಬುದು ಇರುವುದಿಲ್ಲ.

ಕನ್ನಡದಲ್ಲಿ ಕಲಿಯುವವರಿಗೆ ಒಂದು ದೊಡ್ಡ ಅನುಕೂಲವಿದೆ. ಇಲ್ಲಿನ ಒಳ್ಳೆಯ ಚಿತ್ರಗಳಲ್ಲಿ ಎಷ್ಟೋ ಕಥೆ ಕಾದಂಬರಿಗಳಿಂದ ಬಂದಿವೆ, ಆ ಪುಸ್ತಕಗಳು ಕೈಗೆ ಸಿಗುತ್ತವೆ. ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯನ್ನು ಮೊದಲು ಓದಿ, ಕಾಸರವಳ್ಳಿಯವರು 1986ರಲ್ಲಿ ಮಾಡಿದ ಚಿತ್ರವನ್ನು ಆಮೇಲೆ ನೋಡಬಹುದು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಪಾತ್ರಕ್ಕೆ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಕಾಯುವುದನ್ನು ತೆರೆಯ ಮೇಲೆ ತೋರಿಸುವುದು ಬಹಳ ಕಷ್ಟ. ನಿಜವಾಗಿ ಕಾಯಿಸಿದರೆ ಪ್ರೇಕ್ಷಕ ಎದ್ದು ಹೋಗುತ್ತಾನೆ, ಬೇಗ ದಾಟಿಸಿದರೆ ಕಾದದ್ದೇ ಅನುಭವಕ್ಕೆ ಬರುವುದಿಲ್ಲ. ಪುಟದ ಮೇಲೆ ಒಂದು ವಾಕ್ಯದಲ್ಲಿ ಮುಗಿಯುವ ಅಲೆದಾಟವನ್ನು ಯಾವ ಮೇಜು, ಯಾವ ಕಿಟಕಿ, ಯಾವ ಮುಖಗಳ ಮೂಲಕ ಕಟ್ಟಿದ್ದಾರೆ ಎಂದು ಪೆನ್ಸಿಲ್ ಹಿಡಿದು ಗುರುತು ಮಾಡಿಕೊಳ್ಳುತ್ತ ನೋಡುವುದು ಒಂದು ಒಳ್ಳೆಯ ಪಾಠ. ನಾ. ಡಿಸೋಜರ ‘ದ್ವೀಪ’ವನ್ನೂ, 2002ರ ಅದೇ ಹೆಸರಿನ ಚಿತ್ರವನ್ನೂ ಹೀಗೆ ಜೊತೆಯಾಗಿಟ್ಟು ನೋಡಬಹುದು. ಅಣೆಕಟ್ಟಿನ ನೀರು ಏರಿ ಬರುವಾಗ ಸೀತಾಪರ್ವತದಲ್ಲಿ ಉಳಿದುಹೋದ ನಾಗಿಯ ಪಾತ್ರವನ್ನು ಸೌಂದರ್ಯ ಅವರು ನಟಿಸಿದರು, ಆ ಚಿತ್ರವನ್ನು ನಿರ್ಮಿಸಿದವರೂ ಅವರೇ. ಮಳೆ ಅಲ್ಲಿ ಹಿನ್ನೆಲೆಯಾಗಿ ಉಳಿಯುವುದಿಲ್ಲ, ಮನೆಯೊಳಗಿನ ಮಾತುಕತೆಯ ಮೇಲೆಯೇ ಅದರ ಭಾರ ಬೀಳುತ್ತದೆ.

ಇಷ್ಟು ಹೇಳಿದ ಮೇಲೆ, ಸ್ಫೂರ್ತಿ ಕಲಾತ್ಮಕ ಚಿತ್ರಗಳಿಂದ ಮಾತ್ರ ಬರುತ್ತದೆಂದು ಯಾರೂ ತಿಳಿಯಬಾರದು. ಪಿರಿಯಾಪಟ್ಟಣದ ಕಣಗಾಲಿನ ಪುಟ್ಟಣ್ಣನವರು ಬಿ.ಆರ್. ಪಂತುಲು ಅವರ ಬಳಿ ಕೆಲಸ ಕಲಿತು, ಮಲಯಾಳಂನಲ್ಲಿ ಚಿತ್ರಗಳನ್ನು ನಿರ್ದೇಶಿಸಿ, 1967ರಲ್ಲಿ ತ್ರಿವೇಣಿಯವರ ಕಾದಂಬರಿಯಿಂದ ‘ಬೆಳ್ಳಿಮೋಡ’ ಮಾಡಿದವರು. ಹೆಣ್ಣಿನ ಮನಸ್ಸಿನ ಬೇಗುದಿಯನ್ನು ಜನಪ್ರಿಯ ಚಿತ್ರದ ನಡುವೆ ತಂದು ನಿಲ್ಲಿಸಿ, ಚಿತ್ರಮಂದಿರ ತುಂಬಿಸಿದವರು. ‘ನಾಗರಹಾವು’ ಚಿತ್ರದಲ್ಲಿ ಚಿತ್ರದುರ್ಗದ ಬಂಡೆಗಳು ಕೂಡ ಪಾತ್ರವಾಗುವಂತೆ ಮಾಡಿದವರು. ಅವರ ಬಳಿ ಸಹಾಯಕರಾಗಿದ್ದ ತಮಿಳು ಹುಡುಗನೊಬ್ಬ ಥೇಣಿಯ ಕಡೆಯವನು. ಆತ ಮುಂದೆ ಭಾರತಿರಾಜ ಎಂಬ ಹೆಸರಿನಲ್ಲಿ 1977ರಲ್ಲಿ ‘16 ವಯದಿನಿಲೇ’ ಮಾಡಿ, ಮದರಾಸಿನ ಸ್ಟುಡಿಯೋ ಗೋಡೆಗಳ ನಡುವೆ ಬೆಳೆದಿದ್ದ ತಮಿಳು ಚಿತ್ರರಂಗವನ್ನು ಹಳ್ಳಿಯ ಬಯಲಿಗೆ ಕರೆದೊಯ್ದರು. ಕನ್ನಡದಲ್ಲಿ ‘ಘಟಶ್ರಾದ್ಧ’ ಬಂದದ್ದೂ ಅದೇ ವರ್ಷ. ಎರಡು ಚಿತ್ರಗಳಿಗೂ ಶೈಲಿಯಲ್ಲಿ ಯಾವ ನಂಟೂ ಇಲ್ಲ, ಪ್ರೇಕ್ಷಕವರ್ಗವೂ ಬೇರೆ. ಆದರೂ ಗುರುವಿನಿಂದ ಕಲಿತು ತನ್ನ ಜನರ ಕಡೆಗೆ ತಿರುಗುವ ಆ ನಡೆ ಎರಡರಲ್ಲೂ ಒಂದೇ.

ಗುರು ಎಂದಾಗ ನನಗೆ ಕುರೊಸಾವಾ ಅವರಿಗಿಂತ ಮೊದಲು ನೆನಪಾಗುವವರು ಅವರ ಗುರು ಕಾಜಿರೊ ಯಾಮಾಮೊಟೊ. ಕುರೊಸಾವಾ 1936ರಲ್ಲಿ ಸಹಾಯಕ ನಿರ್ದೇಶಕರಾಗಿ ಸ್ಟುಡಿಯೋ ಸೇರಿದಾಗ ಯಾಮಾಮೊಟೊ ಅವರ ಕೈಕೆಳಗೆ ಬಂದರು. ನಿರ್ದೇಶಕನಾಗಬೇಕಾದರೆ ಮೊದಲು ಚಿತ್ರಕಥೆ ಬರೆ ಎಂಬುದು ಗುರುವಿನ ಮಾತು. ಸಹಾಯಕರಿಗೆ ಕೆಲಸ ಕಲಿಸಲಿಕ್ಕಾಗಿ ತಮ್ಮ ಚಿತ್ರಕ್ಕೆ ಕುಂದುಂಟಾದರೂ ಸಹಿಸುತ್ತಿದ್ದರು ಎಂದು ಕುರೊಸಾವಾ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಯಾಮಾಮೊಟೊ ಅವರ ಚಿತ್ರಗಳನ್ನು ಇಂದು ಜಪಾನಿನ ಹೊರಗೆ ನೋಡುವವರು ಕಡಿಮೆ. ಸ್ಫೂರ್ತಿ ಕೊಡುವ ನಿರ್ದೇಶಕರು ಎಂದರೆ ಪ್ರಶಸ್ತಿ ಪಡೆದ ಹೆಸರುಗಳು ಮಾತ್ರ ಎಂದುಕೊಂಡಿರುವವರು ಇಂಥವರನ್ನು ಮರೆತುಬಿಡುತ್ತಾರೆ. ಸೆಟ್ಟಿನಲ್ಲಿ ಕ್ಲ್ಯಾಪ್ ಬೋರ್ಡ್ ಹಿಡಿದ ಹುಡುಗನ ಅನುಮಾನಕ್ಕೆ ನಿಂತು ಉತ್ತರ ಹೇಳುವ ನಿರ್ದೇಶಕ, ಆತ ಎಷ್ಟೇ ಸಾಮಾನ್ಯ ಚಿತ್ರ ಮಾಡಿರಲಿ, ಆ ಹುಡುಗನ ಪಾಲಿಗೆ ದೊಡ್ಡವನೇ.

ಪ್ರೇಮಾ ಕಾರಂತರ ಹೆಸರನ್ನು ನಾನು ಇಲ್ಲಿ ಬೇಕೆಂದೇ ತರುತ್ತಿದ್ದೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ಅವರು ಬಿಟ್ಟುಹೋಗುತ್ತಾರೆ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮಕ್ಕಳ ರಂಗಭೂಮಿಯಲ್ಲಿ ದುಡಿದು, ಬೇರೆಯವರ ಚಿತ್ರಗಳಿಗೆ ವಸ್ತ್ರವಿನ್ಯಾಸ ಮಾಡಿ, ಆಮೇಲೆ ಅವರು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಎತ್ತಿಕೊಂಡರು. 1983ರ ಆ ಚಿತ್ರ ಬಾಲವಿಧವೆಯೊಬ್ಬಳ ಇಡೀ ಆಯುಸ್ಸನ್ನು ಹೇಳುತ್ತದೆ. ‘ಘಟಶ್ರಾದ್ಧ’ದ ಯಮುನಾಳನ್ನು ನಾವು ಹುಡುಗನೊಬ್ಬನ ಕಣ್ಣಿನಿಂದ ನೋಡುತ್ತೇವೆ, ಇಲ್ಲಿ ಫಣಿಯಮ್ಮನೇ ಎಲ್ಲವನ್ನೂ ನೋಡುವವಳು, ನೋಡಿ ಅರಗಿಸಿಕೊಂಡು ಮಾತಾಡಬೇಕಾದ ಕಡೆ ಮಾತಾಡುವವಳು. ಒಂದೇ ಮಲೆನಾಡು, ಒಂದೇ ಸಮಾಜ, ಒಂದೇ ಅನ್ಯಾಯ. ನೋಡುವ ಕಣ್ಣು ಬದಲಾದಾಗ ಚಿತ್ರ ಪೂರಾ ಬೇರೆಯದಾಗಿದೆ. ನಿರ್ದೇಶಕಿಯರಾಗಲು ಹೊರಟಿರುವ ಹೆಣ್ಣುಮಕ್ಕಳು ಈ ಎರಡು ಚಿತ್ರಗಳನ್ನು ಒಂದರ ಬೆನ್ನಿಗೆ ಒಂದು ನೋಡಬೇಕೆಂದು ನನ್ನ ಆಸೆ.

ಇಲ್ಲಿಯವರೆಗಿನ ಮಾತಿಗೆ ಒಂದು ಆಕ್ಷೇಪ ಬರಬಹುದು, ಬಂದೂ ಇದೆ. ನಾನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವಳು, ನನಗೆ ಯಾವ ಅಗ್ರಹಾರವೂ ಇಲ್ಲ, ಯಾವ ಹಳ್ಳಿಯೂ ಇಲ್ಲ, ನಾನು ಯಾವ ನೆಲಕ್ಕೆ ಮರಳಲಿ ಎಂದು ಒಬ್ಬಾಕೆ ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಮೇಲಿನ ಉದಾಹರಣೆಗಳೊಳಗೇ ಇದೆ. ‘ಸಂಸ್ಕಾರ’ವನ್ನು ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿಯವರು ನೆಲ್ಲೂರಿನ ಕಡೆಯವರು, ತೆಲುಗಿನ ಕವಿ. ಅದರ ಛಾಯಾಗ್ರಾಹಕರಿಗೆ ಕನ್ನಡವೇ ಬರುತ್ತಿರಲಿಲ್ಲ. ರಾಯ್ ಹಳ್ಳಿಯನ್ನು ಪುಸ್ತಕದಿಂದ ಕಲಿತವರು. ಇತ್ತೀಚಿನ ‘ತಿಥಿ’ಯನ್ನೇ ನೋಡಿ. ನಿರ್ದೇಶಕ ರಾಮ್ ರೆಡ್ಡಿ ನಗರದವರು, ಪ್ರಾಗ್‌ನಲ್ಲಿ ಸಿನಿಮಾ ಓದಿದವರು. ಅವರ ಗೆಳೆಯ, ಚಿತ್ರದ ಬರಹಗಾರ ಈರೇಗೌಡರ ಊರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ಆ ಊರಿನಲ್ಲಿ ಇದ್ದು, ಅಲ್ಲಿನವರ ಮಾತು ಕೇಳಿ, ಅಲ್ಲಿನವರನ್ನೇ ಪಾತ್ರಗಳಾಗಿಸಿ ಮಾಡಿದ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಪಡೆಯಿತು. ಅದರ ಪಾತ್ರಗಳಾದ ಗಡ್ಡಪ್ಪ, ಸೆಂಚುರಿ ಗೌಡ ಕರ್ನಾಟಕದ ಮನೆಮಾತಾದರು. ಮುಂದೆ ಈರೇಗೌಡರು ತಾವೇ ‘ಬಳೆಕೆಂಪ’ ನಿರ್ದೇಶಿಸಿದರು. ನೆಲ ಎಂದರೆ ಹುಟ್ಟಿದ ಜಾಗವೇ ಆಗಬೇಕಿಲ್ಲ. ಕೂತು, ಕಾದು, ಕಿವಿಗೊಟ್ಟು ಸಂಪಾದಿಸಿಕೊಂಡ ಜಾಗವೂ ಆದೀತು. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ದಿನವೂ ಎದುರಾಗುವ ಮನೆಕೆಲಸದ ಹೆಂಗಸು, ರಾತ್ರಿಯಿಡೀ ಗೇಟಿನಲ್ಲಿ ಎಚ್ಚರವಿರುವ ಬಿಹಾರದ ಅಥವಾ ನೇಪಾಳದ ಕಾವಲುಗಾರ, ಅವರೆಲ್ಲರ ಜೊತೆ ಒಂದೇ ಕಟ್ಟಡದಲ್ಲಿದ್ದೂ ಒಬ್ಬರಿಗೊಬ್ಬರು ಅಪರಿಚಿತರಾಗಿ ಉಳಿದ ಬದುಕು: ಆ ಹುಡುಗಿಗೆ ಅಗ್ರಹಾರ ಬೇಕಾಗಿಯೇ ಇಲ್ಲ ಎಂದು ನಾನು ಅವಳಿಗೆ ಹೇಳಿದೆ.

ಹುಟ್ಟಿದ ಊರಿಗೇ ಮರಳಿದವರೂ ಇದ್ದಾರೆ. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ಮೊದಲ ಕಥಾಚಿತ್ರ ‘ಪೆದ್ರೊ’ವನ್ನು ತಮ್ಮ ಸೀಮೆಯ ಕಾಡು ಮತ್ತು ಮಳೆಯ ನಡುವೆ, ತಮ್ಮ ತಂದೆಯವರನ್ನೇ ಮುಖ್ಯಪಾತ್ರದಲ್ಲಿಟ್ಟು ಮಾಡಿದರು. 2021ರಲ್ಲಿ ಅದು ಬೂಸಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದರ ನಿರ್ಮಾಪಕರು ರಿಷಬ್ ಶೆಟ್ಟಿ. ಜನಪ್ರಿಯ ಚಿತ್ರಗಳಲ್ಲಿ ಗಳಿಸಿದವರೊಬ್ಬರು ಇಂಥ ಚಿತ್ರಕ್ಕೆ ಹಣ ಹೂಡಿದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಕಿರಿಯರಿಗೆ ಸ್ಫೂರ್ತಿಯಾಗುವುದು ಎಂದರೆ ಅವರ ಚಿತ್ರಕ್ಕೆ ದಾರಿ ಮಾಡಿಕೊಡುವುದೂ ಹೌದಲ್ಲವೇ?

ಕೊನೆಯದಾಗಿ, ಮೇಲಿನ ಎಲ್ಲ ಮಾತಿಗೂ ಆಧಾರವಾದ ಒಂದು ವಿಷಯ. ಕಾಣದ ಚಿತ್ರದಿಂದ ಯಾರಿಗೂ ಸ್ಫೂರ್ತಿ ಸಿಗದು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮೊದಲಾದ ಸಂಸ್ಥೆಗಳ ಶ್ರಮದಿಂದ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಆ ಪ್ರತಿ ಶಿವಮೊಗ್ಗದಲ್ಲಿ, ಸಾಗರದಲ್ಲಿ, ಹುಬ್ಬಳ್ಳಿಯಲ್ಲಿ, ಕಲಬುರಗಿಯಲ್ಲಿ ದೊಡ್ಡ ತೆರೆಯ ಮೇಲೆ ಬರಬೇಕು. ಕಾಲೇಜುಗಳ ಮಾಧ್ಯಮ ವಿಭಾಗಗಳು ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಎನ್. ಲಕ್ಷ್ಮೀನಾರಾಯಣರು 1964ರಷ್ಟು ಹಿಂದೆಯೇ ಮಾತು ಬಾರದ, ಕಿವಿ ಕೇಳದವರ ಬದುಕನ್ನು ರಾಜ್‌ಕುಮಾರ್ ಅಂಥ ನಟರನ್ನಿಟ್ಟು ಹೇಳಿದ ‘ನಾಂದಿ’, ಲಂಕೇಶರ ‘ಪಲ್ಲವಿ’, ಪ್ರೇಮಾ ಕಾರಂತರ ‘ಫಣಿಯಮ್ಮ’, ಶಂಕರ್ ನಾಗ್ ನಿರ್ದೇಶನದ ಮೊದಲ ಚಿತ್ರ ‘ಮಿಂಚಿನ ಓಟ’ ಇವುಗಳಿಗೂ ಇಂಥದೇ ಆರೈಕೆ ಆಗಬೇಕು. ಮೊದಲು ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ ‘ಫಣಿಯಮ್ಮ’ ಎನ್ನುತ್ತೇನೆ, ಅದರ ಬೆನ್ನಿಗೇ ‘ನಾಂದಿ’.